ಫೋಟೋದಲ್ಲಿ ಸೈಕಲ್ ಇಲ್ಲ

ಪ್ರೀತಿಯ ಪುಟ್ಟಿ,

ಫ್ರಾನ್ಸಿನ ಕನಾಲ್ ದ್ಯು ಮಿದಿ ಅನ್ನುವ ಕಾಲುವೆಯ ದಂಡೆಯಲ್ಲಿ ತುಲೂಸ್‌ನಿಂದ ಸಮುದ್ರದವರೆಗೆ ಸೈಕಲ್ ತುಳಿಯುತ್ತೇನೆ ಅಂತ ಬರೆದ ನಿನ್ನ ಕಾಗದ ಮೂರು ಸಲ ಓದಿದೆ. ಯಾವತ್ತು ಹೊರಡುವುದು, ಜೊತೆಗೆ ಯಾರು ಬರುತ್ತಾರೆ, ರಾತ್ರಿ ಎಲ್ಲಿ ಉಳಿಯುವುದು, ಅದೆಲ್ಲ ನಿಮ್ಮಮ್ಮ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದಾಳೆ. ಅದು ಬಿಡು. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ದೊಡ್ಡಪ್ಪ, ನೀವು ಸಮುದ್ರದವರೆಗೆ ಹೋದವರು, ನಾನು ಅರ್ಧಕ್ಕೇ ಕೈಬಿಟ್ಟು ರೈಲು ಹತ್ತಿದರೆ ಎಲ್ಲರ ಮುಂದೆ ನಗೆಪಾಟಲು" ಅಂತ. ಅದು ನನ್ನ ಎರಡು ರಾತ್ರಿ ನಿದ್ದೆ ಕೆಡಿಸಿತು.

ಹೇಳಿಬಿಡುತ್ತೇನೆ. ನಾನು ಸೈಕಲ್‌ನಲ್ಲಿ ಸಮುದ್ರದವರೆಗೆ ಹೋಗಲಿಲ್ಲ. ರೈಲಿನಲ್ಲಿ ಹೋದೆ.

ನಮ್ಮ ಹಾಲ್‌ನಲ್ಲಿ ಗಡಿಯಾರದ ಕೆಳಗೆ ಆ ಫೋಟೋ ಇದೆಯಲ್ಲ, ಸೆತ್ ಅನ್ನುವ ಸಮುದ್ರದ ಊರಿನ ಕಟ್ಟೆ ಮೇಲೆ ಪ್ಯಾಂಟು ಮಡಚಿಕೊಂಡು ನಿಂತಿರುವುದು, ಹಿಂದೆ ನೀಲಿ ನೀರು. ಮನೆಗೆ ಬಂದವರೆಲ್ಲ ನೋಡಿದ್ದಾರೆ. ಸೈಕಲ್ ಎಲ್ಲಿ ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಸೈಕಲ್ ಲೆಜಿಗ್ನಾನ್ ಅನ್ನುವ ಸಣ್ಣ ಸ್ಟೇಷನ್ನಿನ ಹೊರಗೆ ಬೀಗ ಹಾಕಿಕೊಂಡು ನಿಂತಿತ್ತು, ಹಿಂದಿನ ಚಕ್ರ ಹಪ್ಪಳದ ಹಾಗೆ ಸೊಟ್ಟಗಾಗಿ.

1993ರ ಸೆಪ್ಟೆಂಬರ್. ಹೊರಟದ್ದು ಇಬ್ಬರು, ನಾನು ಮತ್ತು ನೀವೆಲ್ಲ ಹಾಸನದ ಮಾಮ ಅಂತ ಕರೆಯುತ್ತಿದ್ದಿರಲ್ಲ, ಅವನು. ತುಲೂಸ್‌ನಿಂದ ಮೊದಲ ದಿನ ಕಾಸ್ಟೆಲ್ನೋದರಿವರೆಗೆ, ಸುಮಾರು 65 ಕಿಲೋಮೀಟರ್. ಅವನಿಗೆ ಮಂಡಿ ನೋವು ಮಧ್ಯಾಹ್ನವೇ ಶುರುವಾಗಿತ್ತು, ಹೇಳಲಿಲ್ಲ. ಬೆಳಿಗ್ಗೆ ಎದ್ದರೆ ಮೆಟ್ಟಿಲು ಇಳಿಯಲು ಆಗಲಿಲ್ಲ. "ಒಂದು ದಿನ ಇಲ್ಲೇ ಇರೋಣ ಕಣೋ" ಅಂದ. ನಾನು ಕೇಳಲಿಲ್ಲ. ಅವನನ್ನು ಸ್ಟೇಷನ್ ಬೆಂಚಿನ ಮೇಲೆ ಕೂರಿಸಿ, ಸೈಕಲ್ ಗೋಡೆಗೆ ಒರಗಿಸಿ, ಒಂದು ಬ್ರೆಡ್ಡು ಕೈಗೆ ಕೊಟ್ಟು ಹೊರಟೆ. ಬ್ರೆಡ್ಡು ಕೊಟ್ಟೆ ಅಂತ ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ಅದು ನಿಧಾನಕ್ಕೆ ಹೋಗುವವರ ದಾರಿ ಪುಟ್ಟಿ. ಆ ಕಾಲುವೆಯಲ್ಲಿ ದೋಣಿಗಳೇ ಗಂಟೆಗೆ 8 ಕಿಲೋಮೀಟರ್ ಮೀರುವ ಹಾಗಿಲ್ಲ. ನಾನು ಮಾತ್ರ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ತುಳಿದೆ. ಎಕ್ಲೂಸ್ ಅಂತಾರಲ್ಲ, ದೋಣಿ ಏರಿಸಿ ಇಳಿಸುವ ಆ ತೂಬುಗಳು, ಅವುಗಳನ್ನು ಎಣಿಸುತ್ತಾ ಹೋದೆ, ನೋಡುತ್ತಾ ಹೋಗಲಿಲ್ಲ. ಅವು ಮೊಟ್ಟೆಯ ಆಕಾರದಲ್ಲಿ ಯಾಕಿವೆ ಅಂತ ಊರಿಗೆ ಬಂದು ಓದಿ ತಿಳಿದುಕೊಂಡೆ. ಮೊದಲು ನೇರ ಗೋಡೆ ಕಟ್ಟಿದ್ದರಂತೆ, ಮಣ್ಣಿನ ಒತ್ತಡಕ್ಕೆ ಕುಸಿಯಿತು, ಆಮೇಲೆ ಬಾಗಿಸಿ ಕಟ್ಟಿದರು. ಮಂಡ್ಯದವನಾಗಿ, ನಾಲೆ ಏರಿ ಮೇಲೇ ಸೈಕಲ್ ಕಲಿತವನಾಗಿ, ಅದನ್ನು ಅಲ್ಲೇ ನಿಂತು ಯಾರನ್ನಾದರೂ ಕೇಳಬೇಕಿತ್ತು ಅಲ್ವಾ?

ಎರಡನೇ ದಿನ ಸಾಯಂಕಾಲ ಓಂಪ್ಸ್ ಅನ್ನುವ ಊರು, ಮಿನೆರ್ವುವಾ ವೈನಿನ ಸೀಮೆ, ತುಲೂಸ್‌ನಿಂದ ಸುಮಾರು 145 ಕಿಲೋಮೀಟರ್. ಅಲ್ಲಿ ಪ್ಲೇನ್ ಅನ್ನುವ ನೆರಳಿನ ಮರದ ಒಂದು ಬೇರು ದಾರಿಗೆ ಅಡ್ಡ ಬಂದಿತ್ತು, ಮಣಿಕಟ್ಟಿನಷ್ಟು ದಪ್ಪ. ಟಣ್ ಅಂತ ಶಬ್ದ. ಒಂದು ಸ್ಪೋಕ್ಸ್ ಕಡ್ಡಿ ಹೋಯಿತು, ನಾನು ಇಳಿಯದೆ ತುಳಿದೆ, ಇನ್ನೆರಡು ಹೋದವು. ಚಕ್ರ ಬ್ರೇಕಿಗೆ ಉಜ್ಜಿಕೊಂಡು ನಿಂತೇಬಿಟ್ಟಿತು. ಸೈಕಲ್ ಅಂಗಡಿ ಇಲ್ಲ. ಮಾರನೇ ದಿನ ಹಿಂದಿನ ಚಕ್ರ ಎತ್ತಿ ಹಿಡಿದುಕೊಂಡು ಲೆಜಿಗ್ನಾನ್‌ಗೆ ನಡೆದೆ, ಹತ್ತು ಕಿಲೋಮೀಟರ್ ಹತ್ತಿರ. ದ್ರಾಕ್ಷಿ ಕೊಯ್ಲಿನ ಸಮಯ. ಟ್ರ್ಯಾಕ್ಟರ್‌ಗಳು ಟ್ರೈಲರ್ ತುಂಬಾ ಕರಿ ದ್ರಾಕ್ಷಿ ಹೇರಿಕೊಂಡು ಹೋಗುತ್ತಿದ್ದವು, ಹಿಂದಿನ ಬಾಗಿಲ ಸಂದಿಯಿಂದ ರಸ ಸೋರಿ ಟಾರಿನ ಮೇಲೆ ಗೆರೆ ಎಳೆದ ಹಾಗೆ, ಆ ಗೆರೆ ಉದ್ದಕ್ಕೂ ಕಣಜದ ಹುಳುಗಳು. ಬಿದ್ದಿದ್ದ ಒಂದು ಗೊಂಚಲು ಎತ್ತಿ ತಿಂದೆ. ಸಿಪ್ಪೆ ದಪ್ಪ, ತುಂಬಾ ಬೀಜ, ಆದರೆ ಎಂಥ ಸಿಹಿ ಅಂತೀಯ. ನಿಜ ಹೇಳಬೇಕಂದರೆ ಆ ಮೂರು ದಿನದಲ್ಲಿ ನನಗೆ ಸರಿಯಾಗಿ ನೆನಪಿರುವುದು ಆ ಹತ್ತು ಕಿಲೋಮೀಟರ್ ಮಾತ್ರ.

ಹೊಟ್ಟೆ ಉರಿಯುವ ವಿಷಯ ಬೇರೆ ಇದೆ. ಓಂಪ್ಸ್‌ನಿಂದ ಏಳೇ ಕಿಲೋಮೀಟರ್ ಮುಂದೆ ಅರ್ಜಾನ್ಸ್ ಎಕ್ಲೂಸ್. ಅದು ದಾಟಿದರೆ ಬೆಜಿಯೆ ಊರಿನ ಹತ್ತಿರದ ಫೋನ್ಸೆರಾನ್ ತೂಬಿನ ಮೆಟ್ಟಿಲುಗಳವರೆಗೆ 54 ಕಿಲೋಮೀಟರ್ ಒಂದೇ ಒಂದು ತೂಬಿಲ್ಲ, ನೀರು ಒಂದೇ ಮಟ್ಟ, ಗುಡ್ಡದ ಸೊಂಟ ಬಳಸಿಕೊಂಡು ಸುತ್ತಿ ಸುತ್ತಿ ಹೋಗುತ್ತದೆ. ಆ ಹಾದಿಯಲ್ಲೇ ಮಾಲ್ಪಾ ಸುರಂಗ, 1679ರಲ್ಲಿ ಕೊರೆಯಲು ಹಿಡಿದದ್ದು, ಇನ್ನೂರು ಮೀಟರೂ ಇಲ್ಲ. ನಮ್ಮ ಮಂಡ್ಯದ ನಾಲೆಯ ಹುಲಿಕೆರೆ ಸುರಂಗ ನೋಡಿಕೊಂಡು ಬೆಳೆದ ನಾನು ಅದನ್ನು ನೋಡದೆ ಬಂದೆ.

ಆಮೇಲೆ ರೈಲು, ಸೆತ್, ಫೋಟೋ. ತೆಗೆದುಕೊಟ್ಟವರು ಯಾರೋ ದಾರಿಹೋಕರು. ತುಲೂಸ್‌ಗೆ ವಾಪಸ್ ಬಂದಾಗ ಹಾಸನದ ಮಾಮ ಬಾಗಿಲಲ್ಲೇ ಕೇಳಿದ, "ಮುಟ್ಟಿದೆಯಾ?" ಹೂಂ ಅಂದೆ. ಅಷ್ಟೇ ಪುಟ್ಟಿ, ಒಂದು ಹೂಂ. ಅವನು ಖುಷಿಯಿಂದ ನನ್ನ ಬೆನ್ನಿಗೆ ಗುದ್ದಿದ. ಊರಿಗೆ ಬಂದ ಮೇಲೆ ಮದುವೆ, ಗೃಹಪ್ರವೇಶ ಎಲ್ಲಿ ಹೋದರೂ ಅವನೇ ಕತೆ ಹೇಳುತ್ತಿದ್ದ, "ನನ್ನ ಮಂಡಿ ಕೈಕೊಟ್ಟಿತು, ಇವನು ಬಿಡಲಿಲ್ಲ ನೋಡಿ, ಸಮುದ್ರ ಮುಟ್ಟಿಯೇ ಬಂದ." ನೀನು ಕೇಳಿದ್ದೂ ಅವನ ಬಾಯಿಂದಲೇ ಇರಬೇಕು. ಪ್ರತಿ ಸಲ ಅವನು ಹೇಳುವಾಗ ನಾನು ಕಾಫಿ ಲೋಟ ನೋಡುತ್ತಾ ಕೂರುತ್ತಿದ್ದೆ. ಈಗ ಹೇಳೋಣ ಅಂದರೆ ಅವನೇ ಇಲ್ಲ.

ನಿನಗೆ ಧೈರ್ಯ ಹೇಳಲು, ಆ ಕಾಲುವೆ ಕಟ್ಟಿಸಿದ ರಿಕೆ ಅನ್ನುವವನ ಕತೆ ಬರೆಯಬೇಕು ಅಂದುಕೊಂಡಿದ್ದೆ. ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದವನು, 1666ರಲ್ಲಿ ರಾಜನ ಅಪ್ಪಣೆ ಸಿಕ್ಕಿತು, ಕೈಯಿಂದ ಹಾಕಿದ ದುಡ್ಡಿಗೆ ಲೆಕ್ಕವಿಲ್ಲ, 1680ರ ಅಕ್ಟೋಬರ್‌ನಲ್ಲಿ ಸತ್ತ, ಮಾರನೇ ವರ್ಷ ಮೇ ತಿಂಗಳಲ್ಲಿ ಕಾಲುವೆ ತೆರೆಯಿತು. ಅವನೇ ಕೊನೆ ನೋಡಲಿಲ್ಲ, ನೀನು ಯಾವ ಲೆಕ್ಕ ಅಂತ. ಬರೆದು ಹೊಡೆದು ಹಾಕಿದೆ. ಅವನು 240 ಕಿಲೋಮೀಟರ್ ಅಗೆಸಿದವನು. ನಾನು ಮೂರು ಕಡ್ಡಿ ಮುರಿದುಕೊಂಡು ಸುಳ್ಳು ಹೇಳಿದವನು. ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸುವುದು ಸರಿಯಲ್ಲ. ಹಾಗೆ ನೋಡಿದರೆ ಆ ಕಾಲುವೆಯೇ ಸಮುದ್ರ ಮುಟ್ಟುವುದಿಲ್ಲ, ತೋ ಅನ್ನುವ ಹಿನ್ನೀರಿಗೆ ಸೇರಿ ಮುಗಿಯುತ್ತದೆ, ಸಮುದ್ರ ಅದರಾಚೆ. ಇದು ವಕೀಲರ ಮಾತಾಯಿತು, ಇರಲಿ.

ಅರ್ಧಕ್ಕೆ ನಿಲ್ಲುವ ಭಯ ಇದೆಯಲ್ಲ, ಅದು ಇದ್ದರೇ ನನ್ನ ಹಾಗೆ ತುಳಿಯುತ್ತಾರೆ. ಬೇರು ಕಾಣುವುದಿಲ್ಲ, ಜೊತೆಯವನು ಕುಂಟುವುದೂ ಕಾಣುವುದಿಲ್ಲ. ನಿನ್ನ ಕಾಗದದಲ್ಲಿ ದಿನಕ್ಕೆ 60, 60, 60 ಅಂತ ಕೋಷ್ಟಕ ನೋಡಿದಾಗಲೇ ನನ್ನ ಎದೆ ಧಸಕ್ಕೆಂದಿತು.

ಇನ್ನು ಬುದ್ಧಿಮಾತು. ನನ್ನಿಂದ ಏನು ಕೇಳುತ್ತೀಯ, ಆದರೂ ಒಂದೆರಡು. ಮೊದಲ 50 ಕಿಲೋಮೀಟರ್ ಟಾರು ಹಾಕಿದ ದಾರಿ, ಅದನ್ನು ನಂಬಿ ಮೋಸ ಹೋಗಬೇಡ, ಆಮೇಲೆ ಮಣ್ಣು, ಜಲ್ಲಿ, ಬೇರು. ಅಗಲ ಟೈರು ಹಾಕಿಸು, ನಾಲ್ಕು ಕಡ್ಡಿ ಜಾಸ್ತಿ ಇಟ್ಟುಕೋ. ಏರು ಅಂತ ಹೆದರಬೇಡ, ನೋರೂಜ್ ಅನ್ನುವ ಕಡೆ 189 ಮೀಟರ್, ಅದೇ ಎತ್ತರದ ಜಾಗ, ಅಲ್ಲಿಂದ ನೀರಿನ ಜೊತೆ ನೀನೂ ಇಳಿಯುವುದೇ. ಗಾಳಿ ವಾಯವ್ಯದಿಂದ ಬೀಸಿದರೆ ನಿನ್ನ ಪುಣ್ಯ, ಬೆನ್ನಿಗೆ ಬರುತ್ತದೆ. ಎದುರಿಗೆ ಬಂದರೆ ಆ ದಿನ ರೂಮಿನಲ್ಲಿ ಮಲಗು. ಟೋಪಿ ಮರೆಯಬೇಡ, ನಾನು ಕಂಡ ನೆರಳು ಈಗಿಲ್ಲ. ಆಗ ದಂಡೆಯಲ್ಲಿ 42,000 ಪ್ಲೇನ್ ಮರಗಳಿದ್ದವು. 2006ರಲ್ಲಿ ಶಿಲೀಂಧ್ರ ರೋಗ ಕಾಣಿಸಿತು, ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಿಂದ ಬಂದ ಮದ್ದುಗುಂಡಿನ ಮರದ ಪೆಟ್ಟಿಗೆಗಳಲ್ಲಿ ಬಂದದ್ದಂತೆ, ಸಾವಿರಾರು ಮರ ಕಡಿದು ಸುಟ್ಟರು. ನನ್ನ ಕಡ್ಡಿ ಮುರಿದ ಮರ ಉಳಿದಿದೆಯೋ ಇಲ್ಲವೋ. ಕಾಸ್ಟೆಲ್ನೋದರಿಯಲ್ಲಿ ಕಸೂಲೆ ಅಂತ ಬಿಳಿ ಬೀನ್ಸಿನ ಅಡುಗೆ ತಂದಿಡುತ್ತಾರೆ, ಹಂದಿ, ಬಾತುಕೋಳಿ ಎಲ್ಲ ಹಾಕಿರುತ್ತಾರೆ, ಕೇಳಿ ತಿನ್ನು. ವೈನ್ ವಿಷಯ ನಾನೇನೂ ಹೇಳಲ್ಲ, ಬಿಸಿಲಿನಲ್ಲಿ ಮಾತ್ರ ಬೇಡ.

ಯಾರಾದರೂ ಮಂಡಿ ಹಿಡಿದುಕೊಂಡರೆ ನಿಲ್ಲು. ನಿನ್ನದೇ ಮಂಡಿಯಾದರೂ ಸರಿ.

ದೊಡ್ಡಮ್ಮನಿಗೆ ಇನ್ನೂ ಹೇಳಿಲ್ಲ. ಈ ಕಾಗದ ಡಬ್ಬಕ್ಕೆ ಹಾಕಿ ಬಂದ ಮೇಲೆ ಹೇಳುತ್ತೇನೆ, ಫೋಟೋ ಇಳಿಸುವುದೋ ಬಿಡುವುದೋ ಅವಳೇ ಹೇಳಲಿ. ಅರ್ಜಾನ್ಸ್ ದಾಟಿದರೆ ಅಲ್ಲಿಂದಾಚೆ ನೀರು ಹೇಗಿದೆ ಅಂತ ನನಗೆ ಬರೆ. ದಾಟದಿದ್ದರೆ ಎಲ್ಲಿ ನಿಂತೆ ಅಂತ ಊರಿನ ಹೆಸರು ಬರೆ, ಮ್ಯಾಪಿನಲ್ಲಿ ಓಂಪ್ಸ್ ಪಕ್ಕ ಗುರುತು ಹಾಕಿಕೊಳ್ಳುತ್ತೇನೆ.

ನಿನ್ನ
ದೊಡ್ಡಪ್ಪ