ಒಂದು ಬೆಡ್‌ರೂಮಿನ ಫ್ಲ್ಯಾಟ್ ಕೊಳ್ಳುವ ಮುನ್ನ

ಸಂಪಾದಕರಿಗೆ,

ಮಾನ್ಯರೆ,

ಕಾರವಾರದ ಕಾಜುಬಾಗ, ಹಬ್ಬುವಾಡ, ಕೋಡಿಬಾಗ ಕಡೆ ಹಳೆಯ ಮನೆಗಳ ಹಿತ್ತಲಿನಲ್ಲಿ ಮೂರು–ನಾಲ್ಕು ಮಹಡಿಯ ಕಟ್ಟಡಗಳು ಏಳುತ್ತಿವೆ. ಮಾವು, ಹಲಸು, ತೆಂಗಿನ ನೆರಳಿರುವ ಕೇರಿಯಲ್ಲಿ ಒಂದು ಬೆಡ್‌ರೂಮ್, ಹಾಲ್, ಅಡುಗೆಮನೆ ಇದ್ದರೆ ಸಾಕು ಎನ್ನುವ ನಿವೃತ್ತರಿಗೂ ಒಬ್ಬರೇ ಇರುವವರಿಗೂ ಇವು ಒಳ್ಳೆಯ ಮನೆಗಳೇ. ಆದರೆ ಮುಂಬೈಯಲ್ಲಿ ವರ್ಷಗಟ್ಟಲೆ ಇದ್ದು ಊರಿಗೆ ಮರಳುವವರು ಅಲ್ಲಿಯ ‘ಸೊಸೈಟಿ’, ಅಂದರೆ ಫ್ಲ್ಯಾಟಿನವರ ಸಹಕಾರ ಸಂಘ, ಇಲ್ಲೂ ತಾನಾಗಿಯೇ ಇರುತ್ತದೆ ಎಂದುಕೊಂಡು ಮುಂಗಡ ಕೊಡುತ್ತಾರೆ. ಇಲ್ಲಿ ಅದನ್ನು ಕೇಳಿ ಮಾಡಿಸಿಕೊಳ್ಳಬೇಕು.

ಮಹಾರಾಷ್ಟ್ರದಲ್ಲಿ 1960ರ ಸಹಕಾರ ಸಂಘಗಳ ಕಾಯ್ದೆಯಡಿ ಸೊಸೈಟಿ ನೋಂದಣಿಯಾಗಿ, ಬಿಲ್ಡರ್ ಜಾಗ ಮತ್ತು ಕಟ್ಟಡವನ್ನು ಅದರ ಹೆಸರಿಗೆ ಬರೆದುಕೊಡಬೇಕು. ಸದಸ್ಯರ ಕೈಗೆ ಷೇರು ಪತ್ರ ಬರುತ್ತದೆ. ಖರ್ಚಿನ ಹಂಚಿಕೆಯೂ ಮಾದರಿ ಉಪವಿಧಿಯಲ್ಲೇ ಇದೆ: ಕಾವಲು, ಕಸ, ಕಚೇರಿ ಖರ್ಚು ಎಲ್ಲ ಮನೆಗಳಿಗೂ ಸಮಪಾಲು, ನೀರು ನಲ್ಲಿಗಳ ಲೆಕ್ಕದಲ್ಲಿ, ದುರಸ್ತಿ ನಿಧಿ ಕಟ್ಟಿದ ವೆಚ್ಚದ ವರ್ಷಕ್ಕೆ ಶೇ 0.75, ಮುಂದಿನ ದೊಡ್ಡ ಖರ್ಚಿಗೆ ಕೂಡಿಡುವ ಸಿಂಕಿಂಗ್ ಫಂಡ್ ಶೇ 0.25.

ಕರ್ನಾಟಕದ ವ್ಯವಸ್ಥೆ ಬೇರೆ. ಇಲ್ಲಿ ಕ್ರಯಪತ್ರ ಕೊಳ್ಳುವವರ ಹೆಸರಿಗೇ ಆಗುತ್ತದೆ. ಜೊತೆಗೆ ಜಾಗದಲ್ಲಿ ಒಂದು ಅವಿಭಾಜ್ಯ ಪಾಲು, ಅಂದರೆ ಯುಡಿಎಸ್, ಸೇರಿರುತ್ತದೆ. ಚಾವಣಿ, ಮೆಟ್ಟಿಲು, ಸಂಪು, ಕಂಪೌಂಡು ಎಲ್ಲರ ಸೊತ್ತಾಗಲು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ‘ಡೀಡ್ ಆಫ್ ಡಿಕ್ಲರೇಷನ್’, ಅಂದರೆ ಘೋಷಣಾ ಪತ್ರ, ನೋಂದಣಿಯಾಗಬೇಕು. ಪ್ರತಿ ಫ್ಲ್ಯಾಟಿನ ಅಳತೆ, ಮೌಲ್ಯ, ಶೇಕಡಾ ಪಾಲು ಅದರಲ್ಲಿ ಇರಬೇಕು. ಸಾಮಾನ್ಯ ಖರ್ಚು ಈ ಶೇಕಡಾ ಪಾಲಿನಂತೆಯೇ ಹಂಚಿಕೆಯಾಗಬೇಕು ಎಂದು ಕಾಯ್ದೆ ಹೇಳುತ್ತದೆ. ಸಣ್ಣ ಫ್ಲ್ಯಾಟಿನವರಿಗೆ ಇದು ದೊಡ್ಡ ಅನುಕೂಲ. ಡಿಕ್ಲರೇಷನ್ನೇ ಇಲ್ಲದ ಕಟ್ಟಡದಲ್ಲಿ ಚಾವಣಿ ಸೋರಿದರೆ ‘ಮೇಲಿನವರು ಮಾಡಿಸಿಕೊಳ್ಳಲಿ’ ಎಂಬ ಮಾತು, ಬಣ್ಣ ಹೊಡೆಸುವಾಗ ಮೂರು ಬೆಡ್‌ರೂಮಿನವರಷ್ಟೇ ಹಣ ಒಂದು ಬೆಡ್‌ರೂಮಿನವರಿಂದಲೂ ವಸೂಲಿ. ಒಂದು ಮಾತು ಇದರ ಜೊತೆಗೇ ತಿಳಿದಿರಲಿ: ಸಹಕಾರ ಸಂಘದಲ್ಲಿ ಸದಸ್ಯರಿಗೆ ತಲಾ ಒಂದು ಮತ, ಅಪಾರ್ಟ್‌ಮೆಂಟ್ ಕಾಯ್ದೆಯ ಸಂಘದಲ್ಲಿ ಮತದ ತೂಕವೂ ಪಾಲಿನ ಪ್ರಕಾರ.

ಯುಡಿಎಸ್ ಲೆಕ್ಕವನ್ನು ಕೊಳ್ಳುವವರೇ ಮಾಡಿ ನೋಡಬಹುದು. ಐದು ಗುಂಟೆ ಜಾಗ ಎಂದರೆ 5,445 ಚದರ ಅಡಿ. ಅದರ ಮೇಲಿನ ಎಲ್ಲ ಫ್ಲ್ಯಾಟುಗಳ ಒಟ್ಟು ವಿಸ್ತೀರ್ಣ 9,900 ಚದರ ಅಡಿ, ನೀವು ಕೊಳ್ಳುವುದು 550 ಎಂದಿಟ್ಟುಕೊಳ್ಳಿ. ವಿಸ್ತೀರ್ಣದ ಪ್ರಕಾರ ಪಾಲು ಶೇ 5.56, ಜಾಗದಲ್ಲಿ ಸುಮಾರು 302 ಚದರ ಅಡಿ. ಕ್ರಯಪತ್ರದ ಕರಡಿನಲ್ಲಿ 200 ಎಂದಿದ್ದರೆ ಉಳಿದದ್ದು ಯಾರ ಹೆಸರಿನಲ್ಲಿದೆ ಎಂದು ಕೇಳಲೇಬೇಕು. ಮುಂದೊಂದು ದಿನ ಕಟ್ಟಡ ಕೆಡವಿ ಕಟ್ಟುವಾಗ ಬೆಲೆ ಬರುವುದು ಈ ಪಾಲಿಗೇ. ಜಾಹೀರಾತಿನ 550 ಸೂಪರ್ ಬಿಲ್ಟಪ್ (ಗೋಡೆ, ಮೆಟ್ಟಿಲು, ಓಣಿಯ ಪಾಲೂ ಸೇರಿದ ಅಳತೆ) ಆಗಿದ್ದರೆ ಒಳಗೆ ಓಡಾಡಲು ಸಿಗುವ ಕಾರ್ಪೆಟ್ ಜಾಗ 400ರ ಆಸುಪಾಸು. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಪ್ರಕಾರ ಒಳಗೋಡೆಗಳು ಕಾರ್ಪೆಟ್‌ಗೆ ಸೇರುತ್ತವೆ, ಹೊರಗೋಡೆ ಮತ್ತು ಬಾಲ್ಕನಿ ಸೇರುವುದಿಲ್ಲ. ಟೇಪ್ ಹಿಡಿದು ಅಳೆಯಲು ಸಂಕೋಚ ಬೇಡ.

ರೇರಾ ನೋಂದಣಿಯ ವಿಷಯದಲ್ಲಿ ನಮ್ಮ ಊರಿನಂಥ ಕಡೆ ಒಂದು ತೊಡಕಿದೆ. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಫ್ಲ್ಯಾಟುಗಳು ಎಂಟನ್ನು ಮೀರದಿದ್ದರೆ ನೋಂದಣಿ ಕಡ್ಡಾಯವಲ್ಲ. ಐದು ಗುಂಟೆ ಎಂದರೆ 506 ಚದರ ಮೀಟರ್. ಅದಕ್ಕಿಂತ ತುಸು ಕಡಿಮೆಯಾದರೂ ಯೋಜನೆ ಹೊರಗೆ ಉಳಿಯುತ್ತದೆ. ನೋಂದಣಿಯಾದ ಕಟ್ಟಡದಲ್ಲಿ ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕಟ್ಟಡದ ದೋಷವನ್ನು, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ಸ್ವಂತ ಖರ್ಚಿನಿಂದ ಸರಿಪಡಿಸಬೇಕು. ಚಾವಣಿ ಮತ್ತು ತೆರೆದ ಪಾರ್ಕಿಂಗ್ ಸಾಮಾನ್ಯ ಜಾಗದ ವ್ಯಾಖ್ಯೆಯೊಳಗೇ ಬರುತ್ತವೆ. ಆದ್ದರಿಂದ ‘ಟೆರೇಸ್ ಹಕ್ಕು ಮೇಲಿನ ಫ್ಲ್ಯಾಟಿಗೆ’ ಎಂದು ಬರೆದ ಕರಡು ಕಂಡರೆ ಅಲ್ಲಿಗೇ ನಿಲ್ಲಿಸಿ. ನಮ್ಮಲ್ಲಿ ಮಳೆಗೆಂದು ಟೆರೇಸ್ ಮೇಲೆ ತಗಡಿನ ಶೀಟು ಹಾಕುವುದು ವಾಡಿಕೆ. ಅದು ಸಂಘದ ಹಣದಲ್ಲಿ ಸಂಘದ ಹೆಸರಿನಲ್ಲಿ ಆಗಬೇಕೇ ಹೊರತು ಒಬ್ಬರ ಬೀಗದ ಕೈಯಲ್ಲಿ ಅಲ್ಲ. ನೋಂದಣಿಯಿಲ್ಲದ ಸಣ್ಣ ಕಟ್ಟಡಕ್ಕೆ ವಕೀಲರ ಪರಿಶೀಲನೆ ಇನ್ನೂ ಮುಖ್ಯ.

ಕಾಗದಗಳಲ್ಲಿ ಕೃಷಿಯೇತರ ಪರಿವರ್ತನೆ ಆದೇಶ, ನಗರಸಭೆ ಒಪ್ಪಿದ ನಕ್ಷೆ, ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ), ಆ ಫ್ಲ್ಯಾಟಿನದೇ ಇ-ಖಾತಾ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುವ ಇಸಿ (ಋಣಭಾರ ಪತ್ರ) ಇವಿಷ್ಟು ನೋಡಿ. ಸಮುದ್ರದ ಭರತ ರೇಖೆಯಿಂದ (ಉಬ್ಬರದ ನೀರು ಏರುವ ಗಡಿ) 500 ಮೀಟರ್ ಒಳಗಿನ ಜಾಗಕ್ಕೂ, ಉಬ್ಬರವಿಳಿತದ ನೀರು ಏರುವ ಕಾಳಿ ನದಿಯ ದಡಕ್ಕೂ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ತಗಲುತ್ತದೆ. ಕೋಡಿಬಾಗ ಕಡೆ ಕೊಳ್ಳುವವರು ಆ ಅನುಮತಿಯ ಪ್ರತಿಯನ್ನೂ ಕೇಳಿ.

ಕಾಗದಕ್ಕಿಂತ ಹೆಚ್ಚು ಕಡೆಗಣನೆಯಾಗುವುದು ಉಪ್ಪುಗಾಳಿ. ಗಾಳಿಯ ಉಪ್ಪು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ಇಳಿದು ಸರಳನ್ನು ಮುಟ್ಟಿದರೆ ತುಕ್ಕು ಶುರುವಾಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತಿನ್ನುವುದರಿಂದ ಸ್ಲ್ಯಾಬಿನ ಅಡಿ ಬಿರಿದು ಹಕ್ಕಳೆ ಹಕ್ಕಳೆಯಾಗಿ ಬೀಳುತ್ತದೆ. ಕಾಂಕ್ರೀಟು ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಂಹಿತೆ ಕರಾವಳಿಯನ್ನು ‘ತೀವ್ರ’ ವರ್ಗಕ್ಕೆ ಸೇರಿಸಿದೆ: ಎಂ30 ದರ್ಜೆಯ ಕಾಂಕ್ರೀಟು, ಸರಳಿನ ಮೇಲೆ 45 ಮಿ.ಮೀ. ಕವರ್ (ಕಾಂಕ್ರೀಟಿನ ಹೊದಿಕೆ), ನೀರು–ಸಿಮೆಂಟ್ ಅನುಪಾತ 0.45 ಮೀರಬಾರದು. ಒಳನಾಡಿನ ಲೆಕ್ಕದಲ್ಲಿ ಎಂ20 ಕಲಸಿ 20 ಮಿ.ಮೀ. ಕವರ್ ಬ್ಲಾಕ್ ಇಟ್ಟರೆ ಇಲ್ಲಿ ಬಾಳುವುದಿಲ್ಲ. ಕಲಸುವ ನೀರಿನ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ ಮೀರಬಾರದು, ಬೇಸಿಗೆಯಲ್ಲಿ ಸವಳಾಗುವ ಬಾವಿಯ ನೀರು ಬಳಸಿದರೆ ಉಪ್ಪನ್ನು ನಾವೇ ಒಳಗೆ ತುಂಬಿದಂತೆ. ಮಿಕ್ಸ್ ಡಿಸೈನ್ (ಕಲಸುವ ಪ್ರಮಾಣದ ಲೆಕ್ಕ) ಮತ್ತು ಕ್ಯೂಬ್ ಪರೀಕ್ಷೆಯ (ಕಾಂಕ್ರೀಟಿನ ಗಟ್ಟಿತನದ ಪರೀಕ್ಷೆ) ವರದಿ ಕೇಳಿ ಪಡೆಯಿರಿ.

ಹಳೆಯ ಫ್ಲ್ಯಾಟಾದರೆ ಜುಲೈಯಲ್ಲಿ ನೋಡುವುದು ಉತ್ತಮ. ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ ಬೀಳುವ ಊರಿನಲ್ಲಿ ಸೋರಿಕೆ ಆಗ ಮುಚ್ಚಿಡಲಾಗದು. ಬಾಲ್ಕನಿಯ ಅಡಿಭಾಗ, ಬಚ್ಚಲಿನ ಮೇಲಿನ ಸ್ಲ್ಯಾಬು, ಕಿಟಕಿ ಮೇಲಿನ ಸಜ್ಜೆಯ ಅಂಚು ಇವುಗಳಲ್ಲಿ ಸರಳಿನ ಸಾಲಿನುದ್ದಕ್ಕೂ ಕಂದು ಗೆರೆ ಇದೆಯೇ ನೋಡಿ, ಸಣ್ಣ ಸುತ್ತಿಗೆಯಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಒಳಗೆ ಬಿಟ್ಟುಕೊಂಡಿದೆ. ಮೇಲಿಂದ ಗಿಲಾವು ಬಳಿದರೆ ಎರಡು ಮಳೆಗಾಲವೂ ತಾಳದು. ಸಡಿಲವಾದದ್ದನ್ನು ಸರಳಿನ ಹಿಂಬದಿವರೆಗೆ ಕೆತ್ತಿ, ತುಕ್ಕು ತಿಕ್ಕಿ, ಸತುವಿನ ಪ್ರೈಮರ್ ಹಚ್ಚಿ, ಪಾಲಿಮರ್ ಗಾರೆಯಿಂದ ತುಂಬಬೇಕು. ಸರಳು ತೀರ ಸವೆದಿದ್ದರೆ ಹೊಸದನ್ನು ಕೂಡಿಸಬೇಕು. ಇಷ್ಟು ಹಣ ಒಬ್ಬರಿಂದ ಆಗದು. ಪ್ರತಿ ತಿಂಗಳು ಕೂಡಿಟ್ಟ ದುರಸ್ತಿ ನಿಧಿ ಬೇಕಾಗುವುದು ಇಂಥದ್ದಕ್ಕೇ.

ಮರಗಳ ಬಗ್ಗೆ. ನೆರಳಿಗೆ ಮನಸೋತು ಮನೆ ಕೊಂಡವರೇ ದರಕು (ಒಣ ಎಲೆ) ಬೀಳುತ್ತದೆ ಎಂದು ಮರ ಕಡಿಸಲು ಹೊರಡುವುದು ನೋವಿನ ಸಂಗತಿ. ಟೆರೇಸಿನ ಮಳೆನೀರಿನ ಪೈಪಿನ ಬಾಯಿಗೆ ಚಪ್ಪಟೆ ಜಾಲಿಯ ಬದಲು ಗುಮ್ಮಟದಂಥ ಜಾಲಿ ಹಾಕಿ, ಮೇ ಕೊನೆಯಲ್ಲೊಮ್ಮೆ ಮತ್ತು ಮಳೆಗಾಲದಲ್ಲಿ ವಾರಕ್ಕೊಮ್ಮೆ ಗುಡಿಸಿದರೆ ನೀರು ಕಟ್ಟುವುದಿಲ್ಲ. ಅಂಗಳಕ್ಕೆ ಇಂಟರ್‌ಲಾಕ್ ಹಾಸುವಾಗ ಬುಡದ ಸುತ್ತ ಒಂದು ಮೀಟರಾದರೂ ಮಣ್ಣು ಬಿಡಿ. ಬೇರು ಸೆಪ್ಟಿಕ್ ಟ್ಯಾಂಕಿಗೆ ನುಗ್ಗುವುದು ಬಿರುಕು ಬಿಟ್ಟ ಪೈಪಿನ ಕೀಲಿನಿಂದ. ಕೀಲು ಸರಿಪಡಿಸಿದರೆ ಸಾಕು. ನಗರ ಪ್ರದೇಶದಲ್ಲಿ ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಸಂಘದ ಸಭೆಯ ಠರಾವು ಅದಕ್ಕೆ ಬದಲಿಯಾಗದು.

ನಗರಸಭೆಯಲ್ಲಿ ನಮ್ಮ ಕೋರಿಕೆ ಇಷ್ಟೇ: ಫ್ಲ್ಯಾಟುಗಳಿಗೆ ಪ್ರತ್ಯೇಕ ಖಾತೆ ಮಾಡುವಾಗ ಓಸಿಯ ಜೊತೆ ನೋಂದಾಯಿತ ಡಿಕ್ಲರೇಷನ್ನಿನ ಪ್ರತಿಯನ್ನೂ ಕೇಳಿ ಕಡತದಲ್ಲಿ ಇಡಲಿ, ಕೊಳ್ಳುವವರು ಕೇಳಿದರೆ ಅದನ್ನು ತೋರಿಸಲಿ. ಈಗಾಗಲೇ ಫ್ಲ್ಯಾಟುಗಳಲ್ಲಿ ಇರುವವರು ಬಿಲ್ಡರ್ ಇನ್ನೂ ಸಂಪರ್ಕಕ್ಕೆ ಸಿಗುತ್ತಿರುವಾಗಲೇ ಕುಳಿತು ಸಂಘ ಕಟ್ಟಿಕೊಳ್ಳಲಿ.

ಇಂತಿ,
ಕಟ್ಟಡ ದುರಸ್ತಿ ಕೆಲಸ ಬಲ್ಲ ಓದುಗರು
ಕಾರವಾರ