ಮನಸ್ಸಿನ ನಂಟಿಗೆ ಕ್ವಾಂಟಮ್ ಸಾಕ್ಷಿ ಬೇಡ

ಮಾನ್ಯರೇ,

ಅಮೆರಿಕದಲ್ಲಿರುವ ಮಗನಿಗೆ ಹುಷಾರಿಲ್ಲ ಅನ್ನುವುದು ಊರಲ್ಲಿರುವ ತಾಯಿಗೆ ತಾನಾಗಿಯೇ ಗೊತ್ತಾಗುತ್ತದೆ, ಅದಕ್ಕೆ ಕಾರಣ ಕ್ವಾಂಟಮ್ ಎಂಟ್ಯಾಂಗಲ್‌ಮೆಂಟ್ (ಜೋಡಿ ಕಣಗಳು ದೂರವಾದರೂ ಅವುಗಳ ನಡುವೆ ಉಳಿಯುವ ನಂಟು) ಎಂಬ ಮಾತು ಭಾಷಣಗಳಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಜಾಸ್ತಿಯಾಗಿದೆ. 2022ರ ಭೌತಶಾಸ್ತ್ರದ ನೊಬೆಲ್ ಬಹುಮಾನವನ್ನೂ ಸಾಕ್ಷಿಗೆ ಎಳೆದು ತರುತ್ತಾರೆ.

ಆ ಬಹುಮಾನ ಪಡೆದ ಆಸ್ಪೆ, ಕ್ಲೌಸರ್, ಝೈಲಿಂಗರ್ ತೋರಿಸಿದ್ದೇ ಬೇರೆ. ಬೆಳಕಿನ ಕಣಗಳಾದ ಜೋಡಿ ಫೋಟಾನ್‌ಗಳನ್ನು ದೂರ ದೂರ ಕಳಿಸಿ ಅಳೆದರೆ ಎರಡು ಕಡೆಯ ಫಲಿತಾಂಶಕ್ಕೂ ನಂಟಿರುತ್ತದೆ. ಅದು ಅಚ್ಚರಿಯೇ ಸರಿ. ಆದರೆ ಒಂದು ಕಡೆ ಕೂತು ಅಳೆಯುವವರಿಗೆ ಕಾಣುವುದು ನಾಣ್ಯ ಚಿಮ್ಮಿದಂತೆ ಹೇಗೆಂದರೆ ಹಾಗೆ ಬೀಳುವ ಸೊನ್ನೆ, ಒಂದುಗಳ ಸಾಲು ಮಾತ್ರ. ಇನ್ನೊಂದು ಕಡೆಯ ಪಟ್ಟಿಯನ್ನು ಫೋನಿನಲ್ಲೋ ಇಮೇಲಿನಲ್ಲೋ ತರಿಸಿಕೊಂಡು ಪಕ್ಕದಲ್ಲಿಟ್ಟು ನೋಡಿದಾಗಲೇ ನಂಟು ಗೊತ್ತಾಗುವುದು. ಎಂಟ್ಯಾಂಗಲ್‌ಮೆಂಟ್ ಒಂದರಿಂದಲೇ ಒಂದಕ್ಷರದ ಸುದ್ದಿಯನ್ನೂ ಕಳಿಸಲಾಗದು. ಕ್ವಾಂಟಮ್ ಸಿದ್ಧಾಂತವೇ ಹಾಗೆ ಹೇಳುತ್ತದೆ. 2017ರಲ್ಲಿ ಚೀನಾದ ಉಪಗ್ರಹ ಸುಮಾರು 1,200 ಕಿ.ಮೀ. ಅಂತರದ ಎರಡು ಕೇಂದ್ರಗಳಿಗೆ ಇಂಥ ಜೋಡಿಗಳನ್ನು ಕಳಿಸಿತು. ಅಲ್ಲೂ ನಿಯಮ ಇದೇ.

ತಾಯಿಯ ಕಳವಳ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಸುಮ್ನೆ ಕಳವಳವಾಗಿ, ಕೊನೆಗೆ ಏನೂ ಆಗದ ದಿನಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ ಅಲ್ವಾ? ಇದನ್ನೇ ವಿಜ್ಞಾನ ಎಂದು ಮಕ್ಕಳ ಮುಂದೆ ಹೇಳುವಾಗ ನನಗೆ ತುಂಬಾ ಬೇಸರವಾಗುತ್ತದೆ. ಶಾಲೆ, ಕಾಲೇಜುಗಳು ಇಂಥ ಭಾಷಣ ಇಡಿಸುವ ಮೊದಲು ತಮ್ಮಲ್ಲೇ ಇರುವ ಭೌತಶಾಸ್ತ್ರದ ಮೇಷ್ಟ್ರನ್ನು ಒಂದು ಮಾತು ಕೇಳಲಿ.

– ಭೌತಶಾಸ್ತ್ರ ಉಪನ್ಯಾಸಕಿ, ಹಾಸನ