ಕುಮಟೆಯ ಗೆಳೆಯನಿಗೆ, ಡೊಂಬಿವಲಿಯಿಂದ

ಪ್ರಿಯ ಗೆಳೆಯ,

ತಲೆಯ ಬಾಧೆಗೆ ಹೊಸ ವೈದ್ಯರನ್ನು ಹುಡುಕುವುದನ್ನು ಬಿಟ್ಟ ನನ್ನನ್ನು ‘ಸೋತೆಯಾ?’ ಎಂದು ಕೇಳಿದ ನಿನ್ನ ಪತ್ರ ತಲುಪಿತು. ಅದರೊಳಗಿಟ್ಟಿದ್ದ ಕಷಾಯದ ಚೀಟಿಯೂ, ಹೊನ್ನಾವರದ ಕಡೆ ನೆತ್ತಿಗೆ ಎಣ್ಣೆ ಹಾಕಿ ಗುಣಪಡಿಸುವವರ ವಿಳಾಸವೂ ಸಿಕ್ಕಿದವು. ಎರಡನ್ನೂ ಉಳಿದವುಗಳ ಜೊತೆ ಜೋಪಾನವಾಗಿ ಇಟ್ಟಿದ್ದೇನೆ. ಉಳಿದವೆಂದರೆ ಅತ್ತಿಗೆ ಕೊಟ್ಟದ್ದು, ಕೆಳಮಹಡಿಯ ಮರಾಠಿ ಅಜ್ಜಿ ಕೊಟ್ಟದ್ದು, ಲೋಕಲ್ ರೈಲಿನಲ್ಲಿ ಪಕ್ಕ ಕುಳಿತ ಗುಜರಾತಿ ಗೃಹಸ್ಥರು ಟಿಕೆಟಿನ ಹಿಂದೆ ಬರೆದುಕೊಟ್ಟದ್ದು. ಮುಂಬಯಿಯಲ್ಲಿ ತಲೆ ಭಾರ ಎಂದು ಬಾಯಿಬಿಟ್ಟರೆ ಸಾಕು, ಎದುರಿಗಿರುವವರು ಅರ್ಧ ವೈದ್ಯರಾಗುತ್ತಾರೆ. ನೀನು ಅಷ್ಟು ದೂರದಲ್ಲಿದ್ದೂ ಅದನ್ನೇ ಮಾಡಿದೆಯಲ್ಲ ಎಂದು ತುಸು ಸಿಟ್ಟು ಬಂತು. ಈ ಪತ್ರ ಉದ್ದವಾಗುವುದಕ್ಕೆ ಆ ಸಿಟ್ಟೇ ಕಾರಣ. ಇದೇ ಪ್ರಶ್ನೆ ಕೇಳುವ ಬೇರೆಯವರೂ ಇದ್ದಾರೆ, ಅವರೂ ಓದಲಿ.

ಮೊದಲು ನನಗೇನಾಗುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ. ಸಿಡಿಯುವ ನೋವು ನನಗಿಲ್ಲ. ಮದುವೆಯ ದಿನ ಬಿಗಿಯಾಗಿ ಕಟ್ಟಿದ ಪೇಟವನ್ನು ಬಿಚ್ಚಲು ಯಾರೋ ಮರೆತುಬಿಟ್ಟಂತೆ ಹಣೆಯ ಸುತ್ತ, ಎರಡೂ ಕಿವಿಗಳ ಮೇಲ್ಭಾಗದಲ್ಲಿ ಒಂದು ಒತ್ತಡ. ಬೆಳಿಗ್ಗೆ ಏಳುವಾಗ ಕಡಿಮೆ, ಕಚೇರಿಯ ಹೊತ್ತಿಗೆ ಹಾಜರು, ಸಂಜೆ ದೀಪ ಹಚ್ಚುವಾಗ ಅತಿ. ಅದರ ಜೊತೆಗೇ ತಲೆ ಹಗುರವೂ ಆಗುತ್ತದೆ. ಒಂದೇ ತಲೆ ಭಾರವೂ ಹಗುರವೂ ಆಗುವುದು ಹೇಗೆಂದು ಕೇಳಬೇಡ, ಆಗುತ್ತದೆ. ಕೋಣೆ ತಿರುಗುವುದಿಲ್ಲ, ನಾನು ಬೀಳುವುದೂ ಇಲ್ಲ. ನಿಂತ ನೆಲವನ್ನು ನಂಬಬಹುದೋ ಇಲ್ಲವೋ ಎಂಬ ಅನುಮಾನವೊಂದು ಅಂಗಾಲಿನಿಂದ ಏಳುತ್ತಿರುತ್ತದೆ, ಅಷ್ಟೆ. ಇದು ವರ್ಷಗಳಿಂದ ಹೀಗೆಯೇ ಇದೆ.

ಪರೀಕ್ಷೆಗಳಲ್ಲಿ ಯಾವುದನ್ನೂ ಬಿಟ್ಟಿಲ್ಲ ಎನ್ನಬಹುದು. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ನೋಡಿದರು. ಸಸ್ಯಾಹಾರಿಗಳಲ್ಲಿ ಆಗಾಗ ಕಾಣುವ ಬಿ12 ಕೊರತೆ ನನ್ನಲ್ಲೂ ತುಸು ಇತ್ತು. ಇಂಜೆಕ್ಷನ್ ಕೊಟ್ಟರು, ಸಂಖ್ಯೆ ಮೇಲೇರಿತು, ತಲೆ ಇದ್ದ ಹಾಗೆಯೇ ಇತ್ತು. ಮಲಗಿಸಿ, ನಿಲ್ಲಿಸಿ ರಕ್ತದೊತ್ತಡ ಅಳೆದರು. ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ಅದೊಂದು ಕಾರಣ. ಒತ್ತಡ ಇಳಿಯದೆ 10 ನಿಮಿಷದೊಳಗೆ ನಾಡಿ ನಿಮಿಷಕ್ಕೆ 30 ಅಥವಾ ಹೆಚ್ಚು ಏರಿದರೆ ಅದು ಇನ್ನೊಂದು ಕಾಯಿಲೆಯ ಸೂಚನೆ. ಎರಡೂ ನನ್ನದಲ್ಲ. ತಲೆಯೊಳಗಿನ ದ್ರವದ ಒತ್ತಡ ಹೆಚ್ಚಿದ್ದರೆ ಕಣ್ಣಿನ ನರದ ಬುಡ ಊದಿಕೊಳ್ಳುತ್ತದೆಯಂತೆ, ಕಣ್ಣಿಗೆ ಹನಿ ಹಾಕಿ ಅದನ್ನೂ ನೋಡಿದರು. ಎಂಆರ್‌ಐ ಯಂತ್ರದ ಗದ್ದಲದಲ್ಲಿ ಅಲುಗಾಡದೆ ಮಲಗಿದ್ದೂ ಆಯಿತು.

ಕಿವಿಯ ಪರೀಕ್ಷೆ ಮಾತ್ರ ಸ್ವಾರಸ್ಯವಾಗಿತ್ತು. ಕಿವಿಯೊಳಗೆ ಒಮ್ಮೆ ಬಿಸಿ, ಒಮ್ಮೆ ತಣ್ಣನೆಯ ನೀರು ಬಿಟ್ಟು ಕಣ್ಣುಗುಡ್ಡೆ ಹೇಗೆ ಓಡುತ್ತದೆಂದು ಗಮನಿಸುತ್ತಾರೆ. ಇದರ ಹಿಂದಿನ ತತ್ವವನ್ನು ಬಿಡಿಸಿದ ಆಸ್ಟ್ರಿಯಾದ ಕಿವಿಯ ವೈದ್ಯ ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಬಂದಾಗ ಆತ ರಷ್ಯನ್ನರ ಯುದ್ಧಕೈದಿಯಾಗಿದ್ದನಂತೆ. ಆ ನೀರಿನಿಂದ ಕೋಣೆ ಗಿರ್ರನೆ ತಿರುಗಿದಾಗ ನನಗೆ ಒಂದು ವಿಚಿತ್ರ ಸಮಾಧಾನವಾಯಿತು: ಕಿವಿಗಳು ಕೆಲಸ ಮಾಡುತ್ತಿವೆ.

ಒಟ್ಟಿನಲ್ಲಿ ಎಲ್ಲವೂ ನಾರ್ಮಲ್. ಅಂದು ಮನೆಯಲ್ಲಿ ಕೇಸರಿಬಾತು ಮಾಡಿದರು. ನಾನೂ ಸಂತೋಷದಿಂದಲೇ ತಿಂದೆ, ಗಡ್ಡೆ ಇಲ್ಲ ಎಂದು ತಿಳಿಯುವುದು ಸಣ್ಣ ಸಂಗತಿಯೇನಲ್ಲ. ಆದರೆ ಮರುದಿನ ಕಚೇರಿಗೆ ಹೊರಡುವಾಗ ಪೇಟ ತಲೆಯ ಮೇಲೆಯೇ ಇತ್ತು. ಅಲ್ಲಿಂದಾಚೆ ನನ್ನ ಮಾತಿನ ಬೆಲೆ ಇಳಿಯಿತು. ‘ರಿಪೋರ್ಟ್ ಸರಿಯಿದೆಯಲ್ಲ, ಟೆನ್ಷನ್ ಬಿಡಿ’ ಎನ್ನುವವರು ಹೆಚ್ಚಾದರು. ಪರೀಕ್ಷೆಗಳು ತಾವು ಹುಡುಕಲು ಹೊರಟದ್ದು ಇಲ್ಲ ಎಂದಷ್ಟೇ ಹೇಳುತ್ತವೆ. ರೋಗಿಗೆ ಏನೂ ಆಗಿಲ್ಲ ಎಂದು ಯಾವ ಯಂತ್ರವೂ ಬರೆದುಕೊಟ್ಟಿಲ್ಲ. ಅದನ್ನು ಬರೆದವರು ಮನುಷ್ಯರು.

ಕೊನೆಗೆ ಹಿರಿಯ ನರರೋಗ ವೈದ್ಯೆಯೊಬ್ಬರು ಫೈಲನ್ನು ಮುಚ್ಚಿಟ್ಟು ಬೇರೆಯೇ ಪ್ರಶ್ನೆಗಳನ್ನು ಕೇಳಿದರು. ಯಾವಾಗ ಹೆಚ್ಚುತ್ತದೆ, ಎಷ್ಟು ಹೊತ್ತು ಇರುತ್ತದೆ, ಎಲ್ಲಿ ಕೂತರೆ ಇಳಿಯುತ್ತದೆ? ನಾನು ದಾದರ್ ಸೇತುವೆಯ ಕಥೆ ಹೇಳಿದೆ.

ನೀನು ಆ ಸೇತುವೆಯನ್ನು ನೋಡಿದ್ದೀಯ, ಒಮ್ಮೆ ನನ್ನ ಜೊತೆ ಅದರ ಮೇಲೆ ನಿಂತು ಜನರನ್ನು ಕಂಡು ಬೆರಗಾಗಿದ್ದೆ. ಸಂಜೆ ಆ ಪಾದಚಾರಿ ಸೇತುವೆಯಲ್ಲಿ ಎದುರಿನಿಂದ ಸಾವಿರ ತಲೆಗಳು ಹರಿದು ಬರುತ್ತವೆ, ಹಿಂದಿನಿಂದ ಸಾವಿರ ತಳ್ಳುತ್ತವೆ, ಕೆಳಗೆ ರೈಲು ಬಂದರೆ ಹಲಗೆ ಸಣ್ಣಗೆ ನಡುಗುತ್ತದೆ. ಆಗ ಕೈ ತಾನಾಗಿಯೇ ಕಂಬಿ ಹುಡುಕುತ್ತದೆ. ರೈಲಿನಲ್ಲಿಯೂ ಅಷ್ಟೇ. ಥಾಣೆ ಬಿಟ್ಟು ಖಾಡಿಯ ಸೇತುವೆ ಏರಿದಾಗ ಕಬ್ಬಿಣದ ತೊಲೆಗಳು ಕಿಟಕಿಯಲ್ಲಿ ಒಂದರ ಹಿಂದೊಂದು ಸರಿಯುತ್ತವೆ. ನಾನು ಕಣ್ಣು ಮುಚ್ಚುತ್ತೇನೆ, ಮುಚ್ಚಿದರೆ ತೇಲಿದಂತಾಗಿ ಮತ್ತೆ ತೆರೆಯುತ್ತೇನೆ. ನಿಲ್ಲಲಾರೆ, ಆದರೆ ಸೀಟು ಕೇಳುವ ಮುಖವೂ ನನಗಿಲ್ಲ. ಕೈಕಾಲು ನೆಟ್ಟಗಿವೆ, ಕೆನ್ನೆಯಲ್ಲಿ ಬಣ್ಣವಿದೆ. ಮೂವರ ಸೀಟಿನ ತುದಿಯಲ್ಲಿ ‘ಫೋರ್ತ್ ಸೀಟ್’ ಎಂದು ಅರ್ಧ ದೇಹ ಊರುವ ಪದ್ಧತಿ ಈ ಊರಿನಲ್ಲಿದೆಯಲ್ಲ, ಅದು ನನ್ನನ್ನು ಎಷ್ಟು ಸಲ ಕಾಪಾಡಿದೆಯೋ! ಅಲ್ಲಿ ಯಾರೂ ಕಾಯಿಲೆಯ ಪುರಾವೆ ಕೇಳುವುದಿಲ್ಲ. ‘ಜರಾ ಸರಕಾ’ ಎಂದರೆ ಮೂವರೂ ಗೊಣಗುತ್ತಾ ಸರಿಯುತ್ತಾರೆ.

ಎಲ್ಲ ಕೇಳಿದ ಮೇಲೆ ಆಕೆ ಹೇಳಿದ್ದು ಇಷ್ಟು. ದೇಹ ನೆಟ್ಟಗೆ ನಿಲ್ಲಲು ಒಳಕಿವಿ, ಕಣ್ಣು, ಪಾದ ಮತ್ತು ಕೀಲುಗಳು ಕಳಿಸುವ ಸುದ್ದಿಗಳನ್ನು ಮಿದುಳು ಹೊಂದಿಸಿಕೊಳ್ಳಬೇಕು. ಜ್ವರ, ಕಿವಿಯ ತೊಂದರೆ, ತಲೆಗೆ ಪೆಟ್ಟು, ತೀವ್ರ ಗಾಬರಿ, ಹೀಗೆ ಯಾವುದೋ ಒಂದು ಆ ಲೆಕ್ಕವನ್ನು ಕೆಡಿಸಿದಾಗ ಮಿದುಳು ಎಚ್ಚರದ ಸ್ಥಿತಿಗೆ ಹೋಗುತ್ತದೆ, ಕಣ್ಣನ್ನು ಅತಿಯಾಗಿ ನೆಚ್ಚುತ್ತದೆ. ಕೆಲವರಲ್ಲಿ ಮೂಲ ತೊಂದರೆ ವಾಸಿಯಾದರೂ ಆ ಎಚ್ಚರ ಇಳಿಯುವುದೇ ಇಲ್ಲ. ಅಂಥವರಿಗೆ ನಿಂತಾಗ, ನಡೆದಾಗ, ಜನಜಂಗುಳಿಯಲ್ಲಿ, ಅಂಗಡಿಯ ಕಪಾಟುಗಳ ಸಾಲಿನಲ್ಲಿ, ಮೊಬೈಲಿನಲ್ಲಿ ಓಡುವ ಅಕ್ಷರಗಳ ಎದುರು ತೊಂದರೆ ಹೆಚ್ಚು. ಹೆಚ್ಚಿನ ದಿನಗಳಲ್ಲಿ ಹೀಗೆ 3 ತಿಂಗಳು ಅಥವಾ ಹೆಚ್ಚು ಕಾಲ ನಡೆದರೆ ಅದಕ್ಕೆ ಪಿಪಿಪಿಡಿ (ಪರ್ಸಿಸ್ಟೆಂಟ್ ಪಾಶ್ಚುರಲ್-ಪರ್ಸೆಪ್ಚುವಲ್ ಡಿಜಿನೆಸ್, ಬಿಡದೆ ಉಳಿಯುವ ಒಂದು ಬಗೆಯ ತಲೆಸುತ್ತು) ಎನ್ನುತ್ತಾರೆ. ಬಾರಾನಿಯ ಹೆಸರಿನ ತಜ್ಞರ ಸಂಘ 2017ರಲ್ಲಿ ಅದರ ಲಕ್ಷಣಗಳನ್ನು ಗೊತ್ತುಪಡಿಸಿತು.

ನನ್ನದು ಅದೇ ಎಂದು ಆಕೆ ಹೇಳಲಿಲ್ಲ. ‘ತಲೆ ಹಗುರವಾಗುವುದಕ್ಕೆ ಇದು ಹೊಂದುತ್ತದೆ, ಒತ್ತಡಕ್ಕೆ ಪೂರ್ತಿಯಾಗಿ ಹೊಂದುವುದಿಲ್ಲ. ಅದು ಟೆನ್ಷನ್ ತಲೆನೋವಿನ ಬಗೆ ಇರಬಹುದು, ಮೈಗ್ರೇನಿನ ಪಾಲೂ ಇರಬಹುದು. ಖಚಿತವಾಗಿ ನನಗೆ ಗೊತ್ತಿಲ್ಲ’ ಎಂದರು. ಗೊತ್ತಿಲ್ಲ ಎನ್ನುವ ವೈದ್ಯರು ಇರುತ್ತಾರೆ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಫೀಸು ಕೊಡುವಾಗ ಮೊದಲ ಬಾರಿಗೆ ಹೊಟ್ಟೆ ಉರಿಯಲಿಲ್ಲ.

ಟೆನ್ಷನ್ ವಿಷಯವನ್ನೂ ಆಕೆ ಬಿಡಿಸಿ ಹೇಳಿದರು. ತಲೆ ಹಗುರಾದಾಗ ಹೆದರಿಕೆಯಾಗುವುದು ಸಹಜ. ಹೆದರಿದಾಗ ಉಸಿರು ವೇಗವಾಗುತ್ತದೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಇನ್ನಷ್ಟು ಹಗುರಾಗುತ್ತದೆ. ಹೆದರಿಕೆ ಇಲ್ಲಿ ಬೆಂಕಿಗೆ ಸುರಿದ ತುಪ್ಪವೇ ಹೊರತು ಕಡ್ಡಿ ಗೀರಿದ್ದು ಅದೇ ಎಂದು ಹೇಳಲು ಬರುವುದಿಲ್ಲ. ‘ಟೆನ್ಷನ್ ಬಿಡಿ’ ಎನ್ನುವವರಿಗೆ ಇದನ್ನು ವಿವರಿಸುವ ತಾಳ್ಮೆ ನನಗಿಲ್ಲ, ನೀನಾದರೂ ತಿಳಿದುಕೋ.

ಮಾತ್ರೆಗಳ ವಿಷಯ ಬೇಗ ಮುಗಿಸುತ್ತೇನೆ. ತಲೆಸುತ್ತಿಗೆ ಕೊಡುವ ಮಾತ್ರೆಗಳಲ್ಲಿ ಒಳಕಿವಿಯ ಸುದ್ದಿಯನ್ನು ಮಂಕು ಮಾಡುವಂಥವನ್ನು ದೀರ್ಘಕಾಲ ನುಂಗಿದರೆ ಮಿದುಳು ತಾನೇ ಸರಿಹೊಂದಿಕೊಳ್ಳುವ ಅಭ್ಯಾಸಕ್ಕೇ ಅಡ್ಡಿ. ಆಕೆ ಅವನ್ನು ನಿಲ್ಲಿಸಿದರು. ನಿನಗೆ ತಲೆ ಹಿಡಿದಾಗಲೆಲ್ಲ ಅಂಗಡಿಯಿಂದ ಮಾತ್ರೆ ತರುವ ಚಾಳಿಯಿದೆಯಲ್ಲ, ಅದಕ್ಕೂ ಒಂದು ಮಾತು: ಸಾಮಾನ್ಯ ನೋವುನಿವಾರಕಗಳನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು ದಿನದಂತೆ ಕೆಲವು ತಿಂಗಳು ನುಂಗುತ್ತಾ ಹೋದರೆ ಆ ಮಾತ್ರೆಗಳಿಂದಲೇ ತಲೆನೋವು ಶುರುವಾಗಬಹುದು.

ಈಗ ನನ್ನ ಔಷಧ ಎಂದರೆ ಹೆಚ್ಚಾಗಿ ವ್ಯಾಯಾಮ. ಗೋಡೆಗೆ ಅಂಟಿಸಿದ ಒಂದು ಅಕ್ಷರದ ಮೇಲೆ ದೃಷ್ಟಿ ನೆಟ್ಟು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುವುದು; ನಡೆಯುತ್ತಾ ತಲೆ ತಿರುಗಿಸುವುದು; ತೊಂದರೆ ಕೊಡುವ ಜಾಗಗಳಿಗೆ ಬೇಕೆಂದೇ, ಸ್ವಲ್ಪ ಸ್ವಲ್ಪವಾಗಿ ಹೋಗುವುದು. ಮಗಳು ಗೋಡೆಗೆ ‘ಳ’ ಅಂಟಿಸಿದ್ದಾಳೆ, ಎಲ್ಲಕ್ಕಿಂತ ಸುತ್ತು ಜಾಸ್ತಿ ಇರುವ ಅಕ್ಷರ ಇದೇ ಎಂದು. ಮೊದಮೊದಲು ಇದರಿಂದ ಬಾಧೆ ಹೆಚ್ಚಿತು, ಹಾಗಾಗುತ್ತದೆಂದು ಮೊದಲೇ ಹೇಳಿದ್ದರು. ತಿಂಗಳುಗಳ ಮೇಲೆ ತುಸು ಸಡಿಲವಾಗಿದೆ. ಗುಣವಾಗಿದೆ ಎನ್ನಲಾರೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಈಚೆಗೆ ಒಂದು ನಾಟಕವನ್ನು ಕೊನೆಯವರೆಗೂ ಕುಳಿತು ನೋಡಿದೆ, ಸಾಲಿನ ತುದಿಯ ಕುರ್ಚಿಯಲ್ಲಿ. ಹಿಂದೆ ಮಧ್ಯಂತರಕ್ಕೇ ಎದ್ದು ಬರುತ್ತಿದ್ದೆ. ಅದೇ ವಾರ ತರಕಾರಿ ತರಲು ಹೋಗಿ ಅರ್ಧ ದಾರಿಯಿಂದ ಆಟೊ ಹಿಡಿದು ಮರಳಿದ್ದೂ ಉಂಟು. ಯಾವ ದಿನ ಹೇಗೆ ಎಂಬ ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ.

ಹೊಸ ವೈದ್ಯರನ್ನು ಹುಡುಕುವುದನ್ನೂ ಬಿಟ್ಟಿದ್ದೇನೆ. ‘ಸೋತೆಯಾ?’ ಎಂದು ನೀನು ಕೇಳಿದ್ದೀಯ. ಹಾಗಲ್ಲ ಮಾರಾಯ. ನೋಡಬೇಕಾದ್ದನ್ನು ಒಮ್ಮೆ ಸರಿಯಾಗಿ ನೋಡಿಯಾಗಿದೆ. ಒಮ್ಮೆಲೇ ಹಿಂದೆಂದೂ ಕಾಣದ ಭೀಕರ ತಲೆನೋವು, ಒಂದು ಪಕ್ಕದ ಕೈಕಾಲಿನ ಬಲ ಕುಂದುವುದು, ಮಾತು ತೊದಲುವುದು, ವಸ್ತುಗಳು ಎರಡಾಗಿ ಕಾಣುವುದು, ಪ್ರಜ್ಞೆ ತಪ್ಪುವುದು, ಜ್ವರದ ಜೊತೆ ಕುತ್ತಿಗೆ ಬಿಗಿಯುವುದು: ಇವುಗಳಲ್ಲಿ ಒಂದು ಬಂದರೂ ತಡಮಾಡದೆ ಆಸ್ಪತ್ರೆಗೆ ಓಡುತ್ತೇನೆ. ಈ ಪಟ್ಟಿಯನ್ನು ನೀನೂ ಬಾಯಿಪಾಠ ಮಾಡಿಕೋ, ಮನೆಯಲ್ಲಿ ಹಿರಿಯರಿದ್ದಾರೆ. ಇವಿಲ್ಲದ ದಿನಗಳಲ್ಲಿ ಕಾರಣ ಹುಡುಕುತ್ತಾ ಅಲೆಯುವುದರ ಬದಲು ನಾಟಕಕ್ಕೆ ಹೋಗುತ್ತೇನೆ.

ಆದ್ದರಿಂದ ನಿನ್ನಲ್ಲಿ ಕೇಳುವುದಿಷ್ಟೇ. ಚೀಟಿ ಕಳಿಸಬೇಡ. ಫೋನ್ ಮಾಡಿದ ತಕ್ಷಣ ‘ತಲೆ ಹೇಗಿದೆ?’ ಎನ್ನಬೇಡ, ಅದು ಕೇಳಿದ ಕೂಡಲೇ ಎಚ್ಚರವಾಗುತ್ತದೆ. ಊರಿನ ಜಗಳಗಳನ್ನು ಹೇಳು, ಬಂಗಡೆಯ ಬೆಲೆ ಹೇಳು (ನಾನು ತಿನ್ನದಿದ್ದರೂ ಕೇಳಲು ಇಷ್ಟ), ನಿನ್ನ ತೋಟದ ಅಡಿಕೆಗೆ ಕೊಳೆರೋಗ ಬಂತೋ ಇಲ್ಲವೋ ಹೇಳು. ನಾನಾಗಿಯೇ ತಲೆಯ ಸುದ್ದಿ ತೆಗೆದರೆ ಪರಿಹಾರ ಹೇಳದೆ ಕೇಳು.

ಚೌತಿಗೆ ಬರುತ್ತಿದ್ದೇನೆ. ಮತ್ಸ್ಯಗಂಧ ರೈಲಿನಲ್ಲಿ ಕೆಳಗಿನ ಬರ್ತ್ ಸಿಕ್ಕಿದೆ. ಕೊಂಕಣದ ಸುರಂಗಗಳು ಹೆಚ್ಚಿನವು ಕತ್ತಲಾದ ಮೇಲೆ ಬರುವುದರಿಂದ ಬೆಳಕು-ನೆರಳಿನ ಕಾಟವಿಲ್ಲ. ಕುಮಟೆಗೆ ಅಪರಾತ್ರಿಯಲ್ಲಿ ಇಳಿಯುತ್ತೇನೆ, ಕರೆದೊಯ್ಯಲು ನೀನು ಬರುವುದಾದರೆ ಬಾ, ಆದರೆ ನಿನ್ನ ಬೈಕಿನ ಹಿಂದೆ ನಾನು ಕೂರುವುದಿಲ್ಲ. ಅದಕ್ಕೂ ನನ್ನ ತಲೆಗೂ ಸಂಬಂಧವಿಲ್ಲ, ನೀನು ಓಡಿಸುವ ರೀತಿಯೇ ಕಾರಣ. ಆಟೊ ಹೇಳಿಡು.

ನಿನ್ನ,
ಡೊಂಬಿವಲಿಯವ